‘ಪ್ಲೇ’ಗೆ ಚೀನೀ ಭಾಷೆಯಲ್ಲಿ ಏನನ್ನಬೇಕು?

ನನ್ನ ಹತ್ತಿರ ಚೀನೀ ಕಲಿಯಲು ಬರುವವರು ಮೊದಮೊದಲು ಇಂಗ್ಲಿಷಿನ ‘ಪ್ಲೇ’ ಕಂಡಲ್ಲೆಲ್ಲ ‘ವಾನ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಿಘಂಟು ತೆರೆದರೆ ಮೊದಲು ಸಿಗುವುದು ಅದೇ ತಾನೇ. ಮಕ್ಕಳ ಆಟಕ್ಕೆ, ವಿಡಿಯೊ ಗೇಮಿಗೆ, ‘ಬಿಡುವಾದಾಗ ಮನೆ ಕಡೆ ಬಾ’ ಎಂದು ಗೆಳೆಯರನ್ನು ಕರೆಯುವುದಕ್ಕೂ ವಾನ್ ನಡೆಯುತ್ತದೆ. ಪಿಯಾನೊಗೆ ಅದನ್ನೇ ಹಾಕಿದರೆ ಮಾತ್ರ ನೀವು ಪಿಯಾನೊ ನುಡಿಸುತ್ತಿಲ್ಲ, ಅದರ ಜೊತೆ ಆಟ ಆಡುತ್ತಿದ್ದೀರಿ ಅನ್ನಿಸುತ್ತದೆ.

ಹಾಗಾಗಿ ಕ್ರಿಯಾಪದವನ್ನು ಪಕ್ಕಕ್ಕಿಟ್ಟು ನಾಮಪದ ಹಿಡಿಯಿರಿ. ಆಡುವುದು ಏನನ್ನು, ನುಡಿಸುವುದು ಏನನ್ನು? ಆ ವಸ್ತುವನ್ನು ಕೈಯೋ ಕಾಲೋ ಬಾಯಿಯೋ ಏನು ಮಾಡುತ್ತದೆ? ಕನ್ನಡದವರಿಗೆ ಇದು ಹೊಸತಲ್ಲ. ಕೊಳಲು ಊದುತ್ತೇವೆ, ಡೋಲು ಬಾರಿಸುತ್ತೇವೆ, ತಂತಿ ಮೀಟುತ್ತೇವೆ. ಇಂಗ್ಲಿಷಿನ ಸುತ್ತುದಾರಿ ಬಿಟ್ಟು ಕನ್ನಡದಿಂದಲೇ ಹೊರಟರೆ ಅರ್ಧ ಕೆಲಸ ಆದಂತೆ.

ವಾದ್ಯಗಳಲ್ಲಿ ಪಿಯಾನೊ, ಗಿಟಾರ್, ಪಿಪಾ ಎಂಬ ಚೀನೀ ತಂತಿವಾದ್ಯ ಇವಕ್ಕೆ ‘ಥಾನ್’: ಬೆರಳಿನಿಂದ ಮೀಟುವುದು. ಪಿಟೀಲಿಗೂ ಎರಡು ತಂತಿಯ ಚೀನೀ ವಾದ್ಯ ಅರ್ಹುವಿಗೂ ‘ಲಾ’, ಅಂದರೆ ಎಳೆಯುವುದು, ಏಕೆಂದರೆ ಅಲ್ಲಿ ಕಮಾನು ಎಳೆಯಬೇಕು. ಎಲ್ಲರೂ ಮುಗ್ಗರಿಸುವುದು ಅಕಾರ್ಡಿಯನ್ ಹತ್ತಿರ. ಪಿಯಾನೊದ ಹಾಗೆ ಬೆರಳಿನಿಂದ ಒತ್ತುವ ಮನೆಗಳಿವೆಯಲ್ಲ, ಥಾನ್ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ, ತಿದಿ ಎಳೆಯುವ ವಾದ್ಯ ಅದು, ಅದಕ್ಕೂ ಲಾ. ಕೊಳಲಿಗೆ ‘ಛುಯ್’, ಊದುವುದು. (ಇದೇ ಛುಯ್ ಮುಂದೆ ದನದ ಹೆಸರು ‘ನ್ಯೂ’ ಸೇರಿಸಿದರೆ ಬುರುಡೆ ಬಿಡುವುದು ಎಂದರ್ಥ. ನನಗಿದು ಬಹಳ ಇಷ್ಟ.) ಡೋಲಿಗೆ ‘ತಾ’, ಹೊಡೆಯುವುದು. ಸಂಗೀತ ಕಛೇರಿಯ ವರದಿಯಂಥ ಗಂಭೀರ ಬರಹಕ್ಕೆ ‘ಯೆನ್‌ತ್ಸೋ’ ಇದೆ, ಯಾವ ವಾದ್ಯಕ್ಕೂ ಹೊಂದುತ್ತದೆ. ಮಾತಿನಲ್ಲಿ ಬಳಸಿದರೆ ತೀರಾ ಗ್ರಾಂಥಿಕ.

ಆಟಗಳಲ್ಲೂ ಬಹುಪಾಲು ‘ತಾ’ದ್ದೇ ರಾಜ್ಯ: ಬ್ಯಾಸ್ಕೆಟ್‌ಬಾಲ್, ಬ್ಯಾಡ್ಮಿಂಟನ್, ಟೇಬಲ್ ಟೆನಿಸ್, ಕ್ರಿಕೆಟ್, ಇಸ್ಪೀಟು, ಮಾಜಾಂಗ್ ಎಂಬ ಚೀನೀ ಬಿಲ್ಲೆಯಾಟ. ಫುಟ್‌ಬಾಲಿಗೆ ‘ಥೀ’, ಒದೆಯುವುದು. ಚೆಸ್ಸಿಗೆ ‘ಶ್ಯಾ’. ಅದರ ಮೂಲ ಅರ್ಥ ಕೆಳಗೆ ಎಂದು. ಕಾಯಿಯನ್ನು ಮಣೆಯ ಮೇಲೆ ಇಳಿಸುತ್ತೀರಲ್ಲ, ಅದು.

ಲಿಪಿ ಕಲಿತಿದ್ದರೆ ಇನ್ನೊಂದು ಆಸರೆ ಇದೆ. ಅಕ್ಷರದ ಎಡಭಾಗ ನೋಡಿ. ತಾ ಮತ್ತು ಲಾ ಎರಡರಲ್ಲೂ ಕೈಯ ಗುರುತು, ಥೀಯಲ್ಲಿ ಕಾಲು, ಛುಯ್‌ನಲ್ಲಿ ಬಾಯಿ, ಥಾನ್‌ನಲ್ಲಿ ಬಿಲ್ಲು.

ಉಚ್ಚಾರದ ಬಗ್ಗೆ ಒಂದು ಮಾತು. ರೋಮನ್ ಬರಹದ ‘ಡಿ’ ನಂಬಿ ‘ದಾ’ ಅನ್ನಬೇಡಿ. ಅದು ನಮ್ಮ ತ. ಅಲ್ಲಿ ‘ಟಿ’ ಎಂದಿರುವುದು ನಮ್ಮ ಥ. ಅಲ್ಪಪ್ರಾಣ ಮಹಾಪ್ರಾಣ ಗೊತ್ತಿರುವ ನಾಲಿಗೆಗೆ ಇದೇನು ಮಹಾ. ಸ್ವರದ ಏರಿಳಿತವನ್ನು ಮಾತ್ರ ಕೇಳಿಯೇ ಕಲಿಯಬೇಕು.

ಇನ್ನುಳಿದವು ಬೇಗ ಮುಗಿಯುತ್ತವೆ. ಫೋನಿನಲ್ಲಿ ಹಾಡು ಹಾಕುವುದಕ್ಕೆ ‘ಫಾಂಗ್’, ಆ್ಯಪಿನ ಗುಂಡಿಯ ಮೇಲೆ ‘ಪೋಫಾಂಗ್’. ಪಾತ್ರ ಮಾಡುವುದು ‘ಯೆನ್’. ರಂಗದ ಮೇಲಿನ ಮಾತಿನ ನಾಟಕ ‘ಹ್ವಾಚ್ಯೂ’.

ಅನುಮಾನ ಬಂದರೆ ನಿಘಂಟಿನಲ್ಲಿ ‘ಪ್ಲೇ’ ಹುಡುಕಬೇಡಿ. ಗಿಟಾರ್ ಎಂದು ಹುಡುಕಿ, ಉದಾಹರಣೆ ವಾಕ್ಯಗಳಲ್ಲಿ ಆ ಪದಕ್ಕೆ ಮೊದಲು ಯಾವ ಅಕ್ಷರ ಕೂತಿದೆ ನೋಡಿ. ಪೇಚಾಗುವುದು ನಾಮಪದವೇ ಇಲ್ಲದ ವಾಕ್ಯದಲ್ಲಿ. ‘ಅವಳು ಚೆನ್ನಾಗಿ ಪ್ಲೇ ಮಾಡುತ್ತಾಳೆ’ ಅಂತಷ್ಟೇ ಇದ್ದರೆ ಥಾನ್ ಇರಬಹುದು, ಲಾ ಇರಬಹುದು, ಥೀಯೂ ಇರಬಹುದು. ಹಿಂದಿನ ಮುಂದಿನ ಸಾಲಿನಲ್ಲೂ ಸುಳಿವು ಸಿಗದಿದ್ದರೆ ಊಹಿಸಬೇಡಿ, ಅನುವಾದಕ್ಕೆ ಕಳಿಸಿದವರನ್ನೇ ಕೇಳಿ.