ಒಂದು ಹನಿ ನೀರಿಲ್ಲದೆ ವೇಸ್ಟ್ ಕ್ಯಾನ್ವಾಸ್ ತೆಗೆದದ್ದು: ಇಳಕಲ್ ಸೀರೆ ಮೇಲೆ ಕ್ರಾಸ್ ಸ್ಟಿಚ್

ಗಾಢ ಬಣ್ಣದ ಇಳಕಲ್ ಸೀರೆಗೆ ವೇಸ್ಟ್ ಕ್ಯಾನ್ವಾಸ್ (ಚೌಕ ನೇರ ಬರಲು ಬಟ್ಟೆಯ ಮೇಲಿಟ್ಟು, ಹೊಲಿಗೆ ಮುಗಿದ ಮೇಲೆ ಎಳೆ ಎಳೆಯಾಗಿ ಎಳೆದು ತೆಗೆಯುವ ಗಂಜಿ ಹಾಕಿದ ಬಟ್ಟೆ) ಇಟ್ಟು ಕ್ರಾಸ್ ಸ್ಟಿಚ್ ಹಾಕಬೇಡಿ, ಕ್ಯಾನ್ವಾಸ್ ಒದ್ದೆ ಮಾಡದೆ ಎಳೆ ಬರೋದಿಲ್ಲ, ಒದ್ದೆ ಮಾಡಿದರೆ ಸೀರೆ ಬಣ್ಣ ಬಿಡುತ್ತದೆ ಎಂದು ನನಗೆ ಹೇಳದವರಿಲ್ಲ. ಕಲಿಸಿದವರೂ ಅದನ್ನೇ ಹೇಳಿದರು, ದಾರ ಮಾರುವ ಅಂಗಡಿಯವರೂ ಅದನ್ನೇ ಹೇಳಿದರು. ನಮ್ಮ ಓಣಿಯ ಕಾಕು, ಕೈಯಲ್ಲಿ ಸೂಜಿ ಹಿಡಿದು ಕೂದಲು ಬೆಳ್ಳಗಾದವರು, ಇನ್ನೊಂದು ಹೆಜ್ಜೆ ಮುಂದೆ ಹೋದರು: "ಎಳಿ ಎಣಸಲಾರದ ಹಾಕಿದ್ದು ಕಸೂತಿ ಹ್ಯಾಂಗಾಗ್ತದವಾ? ಜಾಳಗಿ ಇಟ್ಟು ಹಾಕೋದು ಸಾಲಿ ಹುಡುಗೂರ ಕೆಲಸ." ಈಗ ನನ್ನ ಕೈಯಿಂದ ಹತ್ತಿಪ್ಪತ್ತು ಸೀರೆಗಳು ಹೋಗಿವೆ, ಕೆಂಪು, ಹಸಿರು, ಒಂದೆರಡು ಕಪ್ಪು ಚಂದ್ರಕಾಳಿ ಕೂಡ. ನನ್ನದೇ ಮೊದಲ ಸೀರೆ ಬಿಟ್ಟರೆ ಕ್ಯಾನ್ವಾಸ್ ತೆಗೆಯಲು ಒಂದಕ್ಕೂ ನೀರು ತಾಗಿಸಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಕಾಕು ಹೇಳಿದ್ದರಲ್ಲಿ ಅರ್ಧ ಸರಿ. ನಾನು ಹಾಕುವುದನ್ನು ಕಸೂತಿ ಅಂತ ಮಾರುವುದಿಲ್ಲ. 2006ರಲ್ಲಿ ಕಸೂತಿಗೆ ಜಿಐ, ಅಂದರೆ ಭೌಗೋಳಿಕ ಗುರುತು, ಸಿಕ್ಕಿದೆ, ಅದಕ್ಕೊಂದು ಮರ್ಯಾದೆ ಇದೆ. ಅದರ ಗವಂತಿ, ಮುರಗಿ, ನೇಗಿ ಹೊಲಿಗೆಗಳನ್ನೆಲ್ಲ ಬಟ್ಟೆಯ ಎಳೆ ಎಣಿಸಿಯೇ ಹಾಕಬೇಕು. ನಾನು ಮುಟ್ಟುವುದು ಮೆಂತಿ ಒಂದನ್ನೇ, ಅಂದರೆ ನಮ್ಮ ಕ್ರಾಸ್ ಸ್ಟಿಚ್. ಗೋಪುರ, ತೇರು, ತುಳಸಿಕಟ್ಟೆ, ನವಿಲು ಈ ನಮೂನೆಗಳನ್ನು ಹದಿನಾಲ್ಕರ (ಇಂಚಿಗೆ ಹದಿನಾಲ್ಕು) ಚೌಕಕ್ಕೆ ಇಳಿಸಿಕೊಂಡು ಬಣ್ಣ ತುಂಬುತ್ತೇನೆ. ಬಿಲ್ಲಿನ ಮೇಲೆ "ಕ್ರಾಸ್ ಸ್ಟಿಚ್ ಕೆಲಸ" ಅಂತಲೇ ಬರೆಯುತ್ತೇನೆ. ಎಳೆ ಎಣಿಸಿ ಮೆಂತಿ ಹಾಕಲು ಹೋದರೆ ಇಳಕಲ್ ಒಡಲಿನ ಸಣ್ಣ ನೇಯ್ಗೆಯಲ್ಲಿ, ಅದೂ ಗಾಢ ಬಣ್ಣದಲ್ಲಿ, ನನ್ನ ಕಣ್ಣಿಗೆ ಅರ್ಧ ಗಂಟೆಯ ಮೇಲೆ ಆಗುವುದಿಲ್ಲ. ಕಾಕುಗೆ ಈಗಲೂ ಆಗುತ್ತದೆ. ಅದು ಅವರ ಪುಣ್ಯ.

ಮೊದಲ ಸೀರೆ ನನ್ನದೇ. ದಾಳಿಂಬೆ ಕೆಂಪು ಒಡಲು, ಗೋಮಿ ದಡಿ (ಅಂಚು), ಸೆರಗಿನ ಹತ್ತಿರ ಬಿಳಿ ಮತ್ತು ಹಳದಿಯಲ್ಲಿ ಗೋಪುರ. ಎಲ್ಲರೂ ಹೇಳುವ ಹಾಗೆ ಸ್ಪಂಜಿನಿಂದ ಕ್ಯಾನ್ವಾಸ್ ಮೇಲೆ ನೀರು ಒತ್ತಿದೆ. ಗಂಜಿ ಕರಗಿತು, ಎಳೆಯೂ ಸಲೀಸಾಗಿ ಬಂತು. ಕಾಲು ಗಂಟೆಯಲ್ಲಿ ಬಿಳಿ ಗೋಪುರ ತೆಳು ಗುಲಾಬಿ ಆಗಿ ಕುಳಿತಿತ್ತು. ಸೀರೆಯ ಕೆಂಪು ನೀರಿನ ಜೊತೆ ಮೇಲಕ್ಕೆ ಬಂದು ಬಿಳಿ ದಾರಕ್ಕೆ ಏರಿತ್ತು. ದಾರದ ಬಣ್ಣ ಪಕ್ಕಾ ಇದ್ದರೆ ಸಾಕು ಅಂತ ನಾವೆಲ್ಲ ದಾರವನ್ನೇ ಪರೀಕ್ಷೆ ಮಾಡುತ್ತೇವೆ, ಬಟ್ಟೆಯನ್ನು ಕೇಳುವವರಿಲ್ಲ. ಇನ್ನೊಂದು ಬದಿಯಲ್ಲಿ ಗಂಜಿ ಪೂರ್ತಿ ಹೋಗದೆ ರೇಷ್ಮೆ ಸೆರಗಿನ ತುದಿಗೆ ಬಿಳಿ ಕಲೆ ಹಿಡಿಯಿತು. ಸೀರೆ ಎರಡು ಸಾವಿರದ ಹತ್ತಿರದ್ದು, ಕೂತ ರಾತ್ರಿಗಳ ಲೆಕ್ಕ ಬೇರೆ.

ಆಮೇಲೆ ಒಣಗಿದ್ದನ್ನೇ ಎಳೆದು ನೋಡಿದೆ. ಹಳೆಯ ಬ್ಲೌಸ್ ಪೀಸಿನ ಮೇಲೆ. ಗಂಜಿ ಹಾಕಿದ ಎಳೆ ತಂತಿಯ ಹಾಗೆ ಗಟ್ಟಿ, ಎಳೆದರೆ ಕ್ರಾಸುಗಳನ್ನೂ ಜೊತೆಗೆ ಎತ್ತಿಕೊಂಡು ಬರುತ್ತದೆ. ಬಲ ಹಾಕಿದರೆ ನಡುವೆ ತುಂಡಾಗುತ್ತದೆ, ಆ ತುಂಡು ಕ್ರಾಸಿನ ಅಡಿಯಲ್ಲೇ ಉಳಿದು ಉಟ್ಟಾಗ ಚುಚ್ಚುತ್ತದೆ. ಕೈಯಲ್ಲಿ ತಿಕ್ಕಿ ಗಂಜಿ ಮುರಿದರೆ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ತಿಕ್ಕುವಾಗ ದಾರ ಜುಂಜು ಏಳುತ್ತದೆ. ಇಸ್ತ್ರಿಯ ಹಬೆ ಕೊಟ್ಟು ನೋಡಿದೆ. ಹಬೆಗೂ ಕೆಂಪು ಬಣ್ಣ ಬಿಟ್ಟಿತು, ಸ್ವಲ್ಪ ಕಡಿಮೆ ಅಷ್ಟೇ.

ಕ್ಯಾನ್ವಾಸ್ ದುಡ್ಡು ನೋಡಿ ಬದಲಿ ಹುಡುಕಿದ್ದೂ ಉಂಟು. ತರಿಸಿಕೊಂಡರೆ ಒಂದು ಸಣ್ಣ ತುಂಡಿಗೇ ಇನ್ನೂರು ಮುನ್ನೂರು ಬೀಳುತ್ತಿತ್ತು. ನಮ್ಮೂರ ಸುಭಾಸ ರೋಡಿನಲ್ಲಿ ಸಿಗುವ ಮ್ಯಾಟಿ ಬಟ್ಟೆಯನ್ನೇ ಕ್ಯಾನ್ವಾಸಿನ ಬದಲು ಇಟ್ಟೆ. ಚೌಕ ಚೆನ್ನಾಗಿ ಕಾಣುತ್ತದೆ, ಹೊಲಿಗೆಯೂ ನೇರ ಬರುತ್ತದೆ, ಎಳೆ ಮಾತ್ರ ಜಪ್ಪಯ್ಯ ಅಂದರೂ ಬರುವುದಿಲ್ಲ, ನೇಯ್ಗೆ ಅಷ್ಟು ಬಿಗಿ. ಸೊಳ್ಳೆ ಪರದೆ ಕತ್ತರಿಸಿ ಇಟ್ಟೆ. ಅದು ನೇಯ್ದದ್ದಲ್ಲ, ಹೆಣೆದದ್ದು, ಒಂದು ಎಳೆ ಹಿಡಿದರೆ ಇಡೀ ಬಲೆ ಗಂಟಾಗುತ್ತದೆ. ಕೊನೆಗೆ ಸಣ್ಣ ಕತ್ತರಿಯಿಂದ ಕಣ್ಣು ಕಣ್ಣನ್ನೂ ಕತ್ತರಿಸಿ ತೆಗೆದೆ. ಔಷಧದ ಅಂಗಡಿಯ ಗಾಜ್ ಬಟ್ಟೆಯ ಎಳೆ ಬಲು ಸುಲಭವಾಗಿ ಬರುತ್ತದೆ, ಆದರೆ ಚೌಕ ನಿಲ್ಲುವುದಿಲ್ಲ, ನವಿಲಿನ ಕೊರಳು ಸೊಟ್ಟಗಾಗಿ ಕೋಳಿ ಆಗಿತ್ತು. ಆ ಪೀಸು ಈಗ ಮಿಕ್ಸರ್ ಮೇಲೆ ಹೊದಿಕೆ.

ಗಾಜ್ ಬಟ್ಟೆಯೇ ನನಗೆ ದಾರಿ ತೋರಿಸಿದ್ದು. ಗಂಜಿ ಇಲ್ಲದ ಮೆತ್ತನೆಯ ಎಳೆ ಒಣಗಿದ್ದರೂ ಬರುತ್ತದೆ. ಹಾಗಿದ್ದರೆ ಕ್ಯಾನ್ವಾಸಿನ ಗಂಜಿಯನ್ನು ಕೊನೆಗೆ ಯಾಕೆ ತೆಗೆಯಬೇಕು? ಸೀರೆಗೆ ತಾಗಿಸುವ ಮುಂಚೆಯೇ ತೆಗೆದುಬಿಟ್ಟರೆ?

ಈಗ ನಾನು ಮಾಡುವುದು ಹೀಗೆ. ಹದಿನಾಲ್ಕರ ಕ್ಯಾನ್ವಾಸನ್ನು ನಮೂನೆಗಿಂತ ಸುತ್ತ ಒಂದೊಂದು ಇಂಚು ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಹಾಳೆಯ ಟೇಪ್ ಹಚ್ಚಿ, ತಾಟಿನಲ್ಲಿ ಬೆಚ್ಚಗಿನ ನೀರು ಹಾಕಿ ಅಲುಗಾಡಿಸದೆ ನೆನೆಸಿಡುತ್ತೇನೆ. ಹಿಂಡುವುದಿಲ್ಲ, ಉಜ್ಜುವುದಿಲ್ಲ, ಹಿಂಡಿದರೆ ಚೌಕ ಹೋಯಿತು. ನೀರು ಎರಡು ಮೂರು ಸಲ ಬದಲಿಸಬೇಕು. ಕೊನೆಯ ನೀರಿಗೆ ಅಡಿಗೆಮನೆಯ ಒಂದು ವಸ್ತು ಚಿಟಿಕೆಯಷ್ಟು ಬೆರೆಸುತ್ತೇನೆ, ಎಳೆ ಜಾರುವುದಕ್ಕೆ. ಎಣ್ಣೆ ಅಲ್ಲ, ಅಷ್ಟು ಹೇಳಬಲ್ಲೆ. ಉಳಿದದ್ದು ನನ್ನ ಹತ್ತಿರವೇ ಇರಲಿ. ಅದಿಲ್ಲದೆಯೂ ಕೆಲಸ ಆಗುತ್ತದೆ, ಬೆರಳು ಸ್ವಲ್ಪ ಹೆಚ್ಚು ನೋಯುತ್ತದೆ ಅಷ್ಟೇ. ನಂತರ ಟವಲ್ ಮೇಲೆ ಚಪ್ಪಟೆಯಾಗಿ ಹಾಸಿ, ಕ್ಯಾನ್ವಾಸಿನಲ್ಲೇ ಇರುವ ನೀಲಿ ಗೆರೆಗಳನ್ನು ಸ್ಕೇಲ್ ಇಟ್ಟು ನೇರ ಮಾಡಿ, ನೆರಳಲ್ಲಿ ಒಣಗಿಸಬೇಕು.

ಗಂಜಿ ಹೋದ ಕ್ಯಾನ್ವಾಸ್ ಸೀರೆ ಮೇಲೆ ಜರುಗುತ್ತದೆ. ಎಲ್ಲರೂ ಹೆದರುವುದು ಇದಕ್ಕೇ. ಸುತ್ತ ಒಂದು ಕಚ್ಚಾ ಹೊಲಿಗೆ, ಮೂಲೆಯಿಂದ ಮೂಲೆಗೆ ಎರಡು, ಇಷ್ಟು ಸಾಲದು. ನಾನು ಸುಮಾರು ಮುಕ್ಕಾಲು ಇಂಚಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆಯ ಬಲೆಯನ್ನೇ ಹಾಕುತ್ತೇನೆ. ನೀಲಿ ಗೆರೆ ಸೀರೆಯ ಉದ್ದದ ಎಳೆಗಳಿಗೆ ನೇರ ಕೂರಬೇಕು. ದಡಿಯಿಂದ ಅಳೆದುಕೊಂಡರೆ ಸುಲಭ. ಸೀರೆಯ ಹಿಂದೆ ತೆಳು ಮಲ್ ಬಟ್ಟೆ ಇಡುತ್ತೇನೆ, ಇಲ್ಲದಿದ್ದರೆ ಒಡಲು ನಿರಿಗೆ ಹಿಡಿಯುತ್ತದೆ. ಈ ಕಚ್ಚಾ ಹೊಲಿಗೆಗೇ ಒಂದೂವರೆ ಗಂಟೆ. ಬೇಜಾರಿನ ಕೆಲಸ. ಮಗಳಿಗೆ ಐವತ್ತು ರೂಪಾಯಿ ಕೊಟ್ಟು ಮಾಡಿಸಿದ್ದೂ ಇದೆ.

ಸೂಜಿ ಮೊಂಡು ತುದಿಯದು ಬೇಡ. ಕ್ರಾಸ್ ಸ್ಟಿಚ್‌ಗೆಂದೇ ಚೌಕವಾಗಿ ನೇಯ್ದ ಐಡಾ ಬಟ್ಟೆಗೆ ಅದು ಸರಿ, ಸೀರೆಗೆ ಚೂಪು ಸೂಜಿಯೇ ಬೇಕು. ಮೇಲಿನಿಂದ ನೇರ ಕೆಳಗೆ, ಕೆಳಗಿನಿಂದ ನೇರ ಮೇಲೆ. ಬಟ್ಟೆ ಕೋದು ತೆಗೆಯುವ ಅಭ್ಯಾಸ ಇದ್ದವರಿಗೆ ಮೊದಮೊದಲು ಕೈ ಕಟ್ಟಿದ ಹಾಗೆ ಅನಿಸುತ್ತದೆ. ಸೂಜಿ ಕ್ಯಾನ್ವಾಸಿನ ತೂತಿನ ನಟ್ಟನಡುವೆ ಇಳಿಯಬೇಕು, ಕ್ಯಾನ್ವಾಸಿನ ಎಳೆಯನ್ನು ಸೀಳಿದರೆ ಆ ಎಳೆ ಅಲ್ಲೇ ಸಿಕ್ಕಿಕೊಂಡಿತು ಅಂತಲೇ ತಿಳಿಯಿರಿ. ಪಕ್ಕದ ಕ್ರಾಸು ಹಿಂದಿನ ಕ್ರಾಸಿನ ತೂತಿಗೇ ಬಂದು ಸೇರಬೇಕು. ಒಂದು ಕೂದಲೆಳೆ ಆಚೆ ಚುಚ್ಚಿದರೂ ಕ್ಯಾನ್ವಾಸ್ ಇರುವತನಕ ಗೊತ್ತಾಗುವುದಿಲ್ಲ, ತೆಗೆದ ಮೇಲೆ ನಡುವೆ ಕೆಂಪು ಸಂದು ಕಾಣುತ್ತದೆ. ಹಾಗಾಗಿ ಸೂಜಿ ಕೆಳಗೆ ಇಳಿಸುವ ಮೊದಲು ಹಳೆಯ ತೂತನ್ನು ಸೂಜಿಯ ತುದಿಯಿಂದ ತಡವಿ ನೋಡುತ್ತೇನೆ. ಸಿಕ್ಕಿತು ಅಂದರೆ ಬೆರಳಿಗೇ ತಿಳಿಯುತ್ತದೆ.

ದಾರ ಆರೆಳೆಯದರಲ್ಲಿ ಎರಡೆಳೆ. ಶುರುವಿಗೆ ಗಂಟಿಲ್ಲ. ಒಂದೇ ಎಳೆಯನ್ನು ಉದ್ದವಾಗಿ ತೆಗೆದು ಮಡಚಿ, ಎರಡು ತುದಿಗಳನ್ನು ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯನ್ನು ಆ ಕುಣಿಕೆಯಲ್ಲಿ ಸಿಕ್ಕಿಸುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೇಲಿನ ಕೈ ಎಲ್ಲ ಕ್ರಾಸಿನಲ್ಲೂ ಒಂದೇ ಕಡೆ ವಾಲಬೇಕು, ಅದನ್ನೂ ಹೇಳಬೇಕಿಲ್ಲ. ಸೀರೆಗೆ ಹೇಳಬೇಕಾದ್ದು ಹಿಂಬದಿಯ ಬಗ್ಗೆ: ಮೂರು ನಾಲ್ಕು ಚೌಕಕ್ಕಿಂತ ಹೆಚ್ಚು ದೂರ ದಾರ ಎಳೆಯಬೇಡಿ. ಚೌಕಟ್ಟು ಹಾಕಿ ಗೋಡೆಗೆ ಏರಿಸುವ ಚಿತ್ರಕ್ಕೆ ಹಿಂಬದಿ ಹೇಗಿದ್ದರೂ ನಡೆಯುತ್ತದೆ. ಸೆರಗು ಹೊದ್ದು ಕೈ ಎತ್ತಿದರೆ ಬಳೆ ಸಿಕ್ಕಿಕೊಳ್ಳುತ್ತದೆ. ಒಬ್ಬ ಗಿರಾಕಿಯ ಮನೆಯಲ್ಲಿ ಅರಿಶಿನದ ದಿನವೇ ಹೀಗೆ ದಾರ ಹಿರಿದು, ನನಗೆ ಫೋನ್ ಬಂದು, ನಾನು ಸೂಜಿ ದಾರ ಹಿಡಿದು ಆಟೋ ಹತ್ತಿದ್ದೆ.

ಬಿಗಿ ಎಷ್ಟಿರಬೇಕು ಅನ್ನುವುದರಲ್ಲಿ ನನ್ನ ವಿಧಾನಕ್ಕೆ ನಾನು ಎಣಿಸಿರದ ಲಾಭ ಒಂದು ಸಿಕ್ಕಿತು. ಗಂಜಿಯ ಕ್ಯಾನ್ವಾಸ್ ದಪ್ಪ, ಅದನ್ನು ತೆಗೆದ ಮೇಲೆ ಕ್ರಾಸು ಸಡಿಲಾಗಿ ಜೋತುಬೀಳುತ್ತದೆ. ತೊಳೆದದ್ದು ತೆಳು, ಚಪ್ಪಟೆ. ಹೊಲಿಗೆ ಹಾಕಿದಷ್ಟೇ ಬಿಗಿಯಾಗಿ ಉಳಿಯುತ್ತದೆ. ಅಂಗೈ ಆಡಿಸಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ತೆಗೆಯುವುದು. ಮೊದಲು ಕಚ್ಚಾ ಹೊಲಿಗೆ ಬಿಚ್ಚಿ. ನಮೂನೆಗಳ ನಡುವೆ ಖಾಲಿ ಜಾಗ ಇದ್ದರೆ ಕ್ಯಾನ್ವಾಸನ್ನು ಅಲ್ಲೇ ಕತ್ತರಿಸಿ ತುಂಡು ಮಾಡಿ. ಒಂದು ಅಡಿ ಉದ್ದದ ಎಳೆ ಒಣಗಿದ್ದಾಗ ಬರುವುದಿಲ್ಲ, ಐದಾರು ಇಂಚಿನದು ಬರುತ್ತದೆ. ನನ್ನ ದೊಡ್ಡ ಗೋಪುರ 56 ಚೌಕ ಅಗಲ, 70 ಎತ್ತರ, ಅಂದರೆ ನಾಲ್ಕಕ್ಕೆ ಐದು ಇಂಚು. ಅದಕ್ಕಿಂತ ದೊಡ್ಡದನ್ನು ನಾನು ಒಪ್ಪಿಕೊಳ್ಳುವುದೇ ಇಲ್ಲ. ಅಂಚಿನಲ್ಲಿ ಹೊಲಿಗೆ ಇಲ್ಲದ ಎಳೆಗಳನ್ನು ಕೈಯಲ್ಲೇ ಬಿಡಿಸಿದರೆ ಸುತ್ತ ಕುಚ್ಚಿನ ಹಾಗೆ ತುದಿಗಳು ಎದ್ದು ನಿಲ್ಲುತ್ತವೆ, ಹಿಡಿಯಲು ಸುಲಭ. ಮೊದಲು ಅಡ್ಡ ಎಳೆಗಳು, ಅವೇ ಗಿಡ್ಡ. ಅವು ಪೂರ್ತಿ ಹೋದ ಮೇಲೆ ಉದ್ದದವುಗಳಿಗೆ ಹಿಡಿತವೇ ಇರುವುದಿಲ್ಲ. ಹುಬ್ಬಿನ ಪ್ಲಕ್ಕರ್ ಸಾಕು, ತುದಿ ಚಪ್ಪಟೆ ಇರಬೇಕು. ಮೇಲಕ್ಕೆ ಎತ್ತಬಾರದು. ಬಟ್ಟೆಗೆ ತಾಗಿದಂತೆ ಮಲಗಿಸಿ ಎಳೆಯಬೇಕು, ಇನ್ನೊಂದು ಕೈಯ ಹೆಬ್ಬೆರಳು ಕ್ರಾಸುಗಳ ಮೇಲೆ ಒತ್ತಿಕೊಂಡಿರಬೇಕು. ತಡೆದರೆ ಆ ತುದಿ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಎರಡೂ ಕಡೆ ತಡೆದರೆ ಎಲ್ಲೋ ಸೂಜಿ ಸೀಳಿದೆ, ಹಿಂಬದಿಯಿಂದ ಹುಡುಕಿ ಆ ಎಳೆಯೊಂದನ್ನೇ ಕತ್ತರಿಸಿ ಎರಡು ಕಡೆಗೆ ತೆಗೆಯಿರಿ. ಒಂದು ಗೋಪುರಕ್ಕೆ ಮುಕ್ಕಾಲು ಗಂಟೆ, ಒದ್ದೆ ವಿಧಾನದ ಮೂರು ಪಟ್ಟು. ಇರಲಿ, ಬಿಳಿ ಬಿಳಿಯಾಗಿಯೇ ಉಳಿಯುತ್ತದೆ.

ಇದೇ ಕ್ಯಾನ್ವಾಸಿನಲ್ಲಿ ಗವಂತಿ ಹಾಕಿ ನೋಡಿದೆ, ಕಾಕು ಬಾಯಿ ಮುಚ್ಚಿಸುವ ಹುಮ್ಮಸ್ಸಿನಲ್ಲಿ. ಎರಡೂ ಬದಿ ಒಂದೇ ಥರ ಬಂತು ನಿಜ, ಆದರೆ ಕ್ಯಾನ್ವಾಸ್ ಹೋದ ಮೇಲೆ ಗೆರೆ ಅಲ್ಲಲ್ಲಿ ಬಳುಕಿತು. ಕ್ರಾಸಿಗೆ ಮೈದುಂಬ ದಾರ ಇರುತ್ತದೆ, ಸಣ್ಣ ಸೊಟ್ಟು ಮುಚ್ಚಿಹೋಗುತ್ತದೆ. ಒಂಟಿ ಗೆರೆಗೆ ಮುಚ್ಚಿಕೊಳ್ಳಲು ಏನೂ ಇಲ್ಲ. ಅಲ್ಲಿಗೆ ಕೈಬಿಟ್ಟೆ. ಫೋಟೋ ಹಾಕಿದರೆ ನಮೂನೆ ಮಾಡಿಕೊಡುವ ಆ್ಯಪ್ ಕೂಡ ಬಳಸಿದೆ, ಒಂದು ತೇರಿಗೆ ನಲವತ್ತು ಬಣ್ಣ ಕೊಟ್ಟಿತು. ಮಗಳ ಗಣಿತದ ಚೌಕದ ಪುಸ್ತಕ, ಬಣ್ಣದ ಪೆನ್ಸಿಲ್, ನಾಲ್ಕೈದು ಬಣ್ಣ, ಸೀರೆಗೆ ಇಷ್ಟೇ ಚೆಂದ.

ದುಡ್ಡಿನ ಮಾತು. ಎಂಟು ಮೀಟರಿನ ಒಂದು ಲಡಿಯಲ್ಲಿ ಎರಡೆಳೆಯ ಲೆಕ್ಕಕ್ಕೆ ಸುಮಾರು 1,700ರಿಂದ 1,800 ಕ್ರಾಸು ಬರುತ್ತವೆ. ಬಿಚ್ಚಿ ಹಾಕುವವರಿಗೆ ಇನ್ನೂ ಕಡಿಮೆ. ಒಂದು ಸೀರೆಗೆ ಎರಡು ದೊಡ್ಡ ಗೋಪುರ, ನಡುವೆ ಸಣ್ಣ ತುಳಸಿಕಟ್ಟೆಗಳು, ತೋಳಿಗೆ ಒಂದು ಸಾಲು, ಎಲ್ಲ ಸೇರಿ ಆರೇಳು ಸಾವಿರ ಕ್ರಾಸು. ಬಣ್ಣಕ್ಕೊಂದು ಎರಡರಂತೆ ಆರೇಳು ಲಡಿ, ನೂರು ನೂರಿಪ್ಪತ್ತು ರೂಪಾಯಿ. ಕ್ಯಾನ್ವಾಸ್ ಮುನ್ನೂರರ ಹತ್ತಿರ. ಸೀರೆ ಮೇಲೆ ನನ್ನ ಕೈ ಗಂಟೆಗೆ ನೂರು ಕ್ರಾಸಿನ ಮೇಲೆ ಓಡುವುದಿಲ್ಲ. ಮೊದಲಿಗೆ 1,500 ತಗೊಂಡೆ, ಲೆಕ್ಕ ಹಾಕಿದರೆ ಗಂಟೆಗೆ ಇಪ್ಪತ್ತೂ ಬಿದ್ದಿರಲಿಲ್ಲ. ಈಗ 4,500ರಿಂದ ಶುರು, ಅರ್ಧ ಮುಂಗಡ. "ಮಷೀನ್ ಕೆಲಸ ಎಂಟುನೂರಕ್ಕೆ ಸಿಗ್ತದಲ್ಲಾ" ಅನ್ನುವವರಿಗೆ ಹಾಗೇ ಮಾಡಿಸಿ ಅನ್ನುತ್ತೇನೆ. ಚೌಕಾಸಿ ಮಾಡಿದ ಒಬ್ಬರು ಆರು ತಿಂಗಳಾದ ಮೇಲೆ ಅದೇ ಸೀರೆ ತಂದು ಮಷೀನ್ ಹೊಲಿಗೆ ಬಿಚ್ಚಿ ಹಾಕಿಕೊಡಿ ಅಂದರು. ಬಿಚ್ಚುವುದಕ್ಕೆ ಬೇರೆ ದರ ಹೇಳಿದೆ.

ಹೊಸದಾಗಿ ಮಾಡುವವರು ಸೀರೆ ಕೈಗೆ ಬಂದ ದಿನವೇ ಒಳ ತುದಿಯಲ್ಲಿ, ಸೊಂಟಕ್ಕೆ ಸಿಕ್ಕಿಸುವ ಕಡೆ, ಒದ್ದೆ ಬಿಳಿ ಹತ್ತಿಯನ್ನು ಒಂದು ನಿಮಿಷ ಒತ್ತಿ ನೋಡಿ. ಹತ್ತಿ ಬೆಳ್ಳಗೇ ಉಳಿದರೆ ನನ್ನ ವಿಧಾನದ ಗೊಡವೆ ಬೇಡ, ಸ್ಪಂಜು ತಗೊಂಡು ಕಾಲು ಗಂಟೆಯಲ್ಲಿ ಮುಗಿಸಿ. ಬಣ್ಣ ಹತ್ತಿದರೆ ಮಾತ್ರ ಕ್ಯಾನ್ವಾಸ್ ಮೊದಲೇ ನೆನೆಸಿ. ಅಂಥ ಸೀರೆ ಕೊಡುವಾಗ ಡ್ರೈ ವಾಷ್ ಅಂತ ಚೀಟಿ ಪಿನ್ ಮಾಡುತ್ತೇನೆ, ಇಸ್ತ್ರಿ ಮಾತ್ರ ನಾನೇ ಮಾಡಿ ಕೊಡುತ್ತೇನೆ: ದಪ್ಪ ಟವಲ್ ಮೇಲೆ ಹೊಲಿಗೆ ಕೆಳಮುಖ, ಹಬೆ ಬಂದ್, ಒತ್ತಿ ಎತ್ತುವುದು, ಎಳೆಯುವುದಲ್ಲ. ಇಸ್ತ್ರಿಯಂಗಡಿಗೆ ಕೊಟ್ಟರೆ ನೀರು ಚಿಮುಕಿಸದೆ ಬಿಡುವುದಿಲ್ಲ, ಎಷ್ಟು ಹೇಳಿದರೂ.