ವಾಯೇಜರ್ ದತ್ತಾಂಶದಲ್ಲಿ 2.4 ಕಿಲೋಹರ್ಟ್ಸ್ ಗೆರೆಯನ್ನು ಕಳೆದ ಬಗೆ: ನನ್ನ ಅನುಭವ

ಸೌರಮಾರುತದ ಎಲ್ಲೆಯಾಚೆ ಒಂದು ಘನ ಸೆಂಟಿಮೀಟರಿನಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದನ್ನು ನಾಸಾದ ಗಗನನೌಕೆ ವಾಯೇಜರ್-1 ಕಳಿಸಿದ ಮೂಲ ದತ್ತಾಂಶದಿಂದ, ಮೂಡಿಗೆರೆ ಬಳಿಯ ತೋಟದ ಮನೆಯಲ್ಲಿ ಕುಳಿತು, ಹಳೆಯ ಲ್ಯಾಪ್‌ಟಾಪ್ ಒಂದರಲ್ಲೇ ಲೆಕ್ಕಹಾಕಿ ತೆಗೆಯುತ್ತೇನೆ ಎಂದಾಗ ಹಾಸನದ ನಮ್ಮ ಹವ್ಯಾಸಿ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ವಿಜ್ಞಾನಿಗಳು ಪ್ರಕಟಿಸಿದ ಅಂಕಿ ಇರುವಾಗ ಮತ್ತೆ ಈ ಕಷ್ಟವೇಕೆ ಎಂದು ಹಿರಿಯರೊಬ್ಬರು ಕೇಳಿದರು. ಆ ಅಂಕಿ ಹೇಗೆ ಹುಟ್ಟಿತು ಎಂದು ಕೈಯಾರೆ ಮಾಡಿ ನೋಡದೆ ನನಗೆ ಸಮಾಧಾನವಾಗುವಂತಿರಲಿಲ್ಲ. ಈಗ ಆ ಎಲೆಕ್ಟ್ರಾನುಗಳ ಕಂಪನವನ್ನು ತೋರುವ 2.2, 2.6 ಮತ್ತು 3.1 ಕಿಲೋಹರ್ಟ್ಸಿನ ಮೂರು ಗೆರೆಗಳೂ ನನ್ನ ಪರದೆಯ ಮೇಲೆ ಮೂಡಿವೆ. ಬಳಗದವರು ಮನೆಗೇ ಬಂದು ನೋಡಿ ಹೋಗಿದ್ದಾರೆ.

ವಾಯೇಜರ್-1ರ ಪ್ಲಾಸ್ಮಾ (ವಿದ್ಯುದಾವೇಶವಿರುವ ಕಣಗಳ ಅನಿಲ) ಮಾಪಕ 1980ರಲ್ಲಿಯೇ ಕೆಲಸ ನಿಲ್ಲಿಸಿದ್ದರಿಂದ ಪ್ಲಾಸ್ಮಾ ತರಂಗ ಉಪಕರಣದ ಆಂಟೆನಾಗಳನ್ನೇ ನಂಬಬೇಕು. ಎಲೆಕ್ಟ್ರಾನುಗಳು ದಟ್ಟವಾದಷ್ಟೂ ಅವು ಕಂಪಿಸುವ ಕಂಪನಾಂಕ ಏರುತ್ತದೆ; ಹರ್ಟ್ಸಿನಲ್ಲಿರುವ ಆ ಕಂಪನಾಂಕವನ್ನು 8,980ರಿಂದ ಭಾಗಿಸಿ ವರ್ಗ ಮಾಡಿದರೆ ಘನ ಸೆಂಟಿಮೀಟರಿಗೆ ಎಷ್ಟು ಎಲೆಕ್ಟ್ರಾನುಗಳೆಂಬ ಸಾಂದ್ರತೆ ಸಿಗುತ್ತದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ನಿಜವಾದ ತೊಡಕು ಇರುವುದು 2.4 ಕಿಲೋಹರ್ಟ್ಸಿನಲ್ಲಿ. ಅಲ್ಲಿ ದಪ್ಪನೆಯ, ಒಂದಿಷ್ಟೂ ಅಲುಗದ ಗೆರೆಯೊಂದು ಯಾವಾಗಲೂ ಇರುತ್ತದೆ. ಅದನ್ನು ಸೂತ್ರಕ್ಕೆ ಹಾಕಿದರೆ 0.071 ಬರುತ್ತದೆ, ಮತ್ತು ಪ್ರಕಟಿತ ಸಾಂದ್ರತೆಗಳಾದ 2012ರ ಕೊನೆಯ 0.06 ಹಾಗೂ 2013ರ ಏಪ್ರಿಲ್-ಮೇ ತಿಂಗಳ 0.08 ಇವೆರಡರ ನಡುವೆ ಅದು ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಇದೇ ಉತ್ತರವೆಂದು ಬಳಗದ ಇಬ್ಬರು ವಾದಿಸಿದ್ದರು. ನಾನು 1979ರ ಗುರುಗ್ರಹದ ದತ್ತಾಂಶವನ್ನು ತೆರೆದು ತೋರಿಸಿದೆ. ಅದೇ ಗೆರೆ ಅದೇ ಜಾಗದಲ್ಲಿ ಅಲ್ಲಿಯೂ ಇತ್ತು. ಅದು ನೌಕೆಯ ಸ್ವಂತ ವಿದ್ಯುತ್ ಪೂರೈಕೆಯ ಸದ್ದು. ಗುರುವಿನ ಬಳಿಯೂ ಹೀಲಿಯೋಪಾಸಿನ (ಸೌರಮಾರುತದ ಎಲ್ಲೆಯ) ಆಚೆಯೂ ಒಂದೇ ರೀತಿ ಕಾಣುವುದು ಪ್ಲಾಸ್ಮಾ ಆಗಿರಲು ಸಾಧ್ಯವಿಲ್ಲ.

ಎರಡನೆಯ ತೊಡಕು ದತ್ತಾಂಶದ ಕಟ್ಟಿನಲ್ಲಿದೆ. ಒಂದೊಂದು ಸಾಲಿನಲ್ಲಿ 4 ಬಿಟ್‌ನ 1,600 ಮಾದರಿಗಳು ಇರುತ್ತವೆ. ಸೆಕೆಂಡಿಗೆ 28,800 ಮಾದರಿಗಳ ವೇಗದಲ್ಲಿ ಇದು ಸುಮಾರು 55.6 ಮಿಲಿಸೆಕೆಂಡು, ಆಮೇಲೆ ನಾಲ್ಕೂವರೆ ಮಿಲಿಸೆಕೆಂಡಿನಷ್ಟು ಖಾಲಿ. ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಎಂಟು ಸಾವಿರದಷ್ಟು ಕಟ್ಟಿ ತಂದ ಪ್ರೋಗ್ರಾಮು ಆ ಖಾಲಿ ಜಾಗವನ್ನು ಲೆಕ್ಕಿಸದೆ ಸಾಲುಗಳನ್ನು ಒಂದಕ್ಕೊಂದು ಅಂಟಿಸುತ್ತಿತ್ತು. ಪರಿಣಾಮವಾಗಿ 2.4ರ ಎರಡೂ ಪಕ್ಕದಲ್ಲಿ ಬಾಚಣಿಗೆಯ ಹಲ್ಲಿನಂತೆ ಸುಳ್ಳು ಗೆರೆಗಳು ಎದ್ದು ನಿಲ್ಲುತ್ತಿದ್ದವು. ಕೇಂದ್ರದವರನ್ನು ಕೇಳಿದರೆ ದತ್ತಾಂಶವೇ ಹಾಗಿದೆ ಎಂಬ ಉತ್ತರ ಬಂತು. ಹಣವೂ ಹಿಂದಿರುಗಲಿಲ್ಲ. ಕೊನೆಗೆ ಆ ಪ್ರೋಗ್ರಾಮನ್ನು ಬದಿಗಿಟ್ಟು, ಪ್ರತಿ ಸಾಲಿಗೂ ಬೇರೆಬೇರೆಯಾಗಿ ಎಫ್‌ಎಫ್‌ಟಿ (ಸಂಕೇತವನ್ನು ಅದರ ಕಂಪನಾಂಕಗಳಾಗಿ ಬಿಡಿಸುವ ಲೆಕ್ಕ) ಮಾಡಿ, ಅಲೆಗಳನ್ನಲ್ಲ, ಅವುಗಳ ಶಕ್ತಿಯನ್ನು ಸರಾಸರಿ ಮಾಡುವ ಪುಟ್ಟ ಪ್ರೋಗ್ರಾಮೊಂದನ್ನು ನಾನೇ ಬರೆದೆ. ಸುಮಾರು 18 ಹರ್ಟ್ಸಿಗಿಂತ ಹತ್ತಿರದ ಗೆರೆಗಳನ್ನು ಹೀಗೆ ಬೇರ್ಪಡಿಸಲಾಗದು, ಆದರೆ ಸುಳ್ಳು ಗೆರೆಗಳು ಸಂಪೂರ್ಣ ಮಾಯವಾಗುತ್ತವೆ. 2.4ರ ಗೆರೆಯನ್ನು ಕತ್ತರಿಸಿ ಎಸೆಯಬಾರದು. ಪ್ರತಿ ಸಾಲಿನಲ್ಲೂ ಅದಕ್ಕೆ ಸರಿಹೊಂದುವ ಸೈನ್ ಅಲೆಯನ್ನು ಕಂಡುಹಿಡಿದು ಕಳೆಯಬೇಕು. ಉಪಕರಣದಲ್ಲಿ ಸ್ವಯಂಚಾಲಿತ ಗೇನ್ ನಿಯಂತ್ರಣ (ಸಂಕೇತವನ್ನು ಎಷ್ಟು ವರ್ಧಿಸಬೇಕೆಂದು ತಾನೇ ಬದಲಿಸಿಕೊಳ್ಳುವ ವ್ಯವಸ್ಥೆ) ಇರುವುದರಿಂದ ಗೆರೆಯ ತೀವ್ರತೆಯನ್ನು ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಹೋಲಿಸಿ ಪ್ರಯೋಜನವಿಲ್ಲ, ಅದರ ಸ್ಥಾನವೊಂದನ್ನೇ ನಂಬಬೇಕು.

2013ರ 2.6 ಕಿಲೋಹರ್ಟ್ಸಿನ ಗೆರೆ ಇಷ್ಟಕ್ಕೇ ಸಿಕ್ಕಿತು. 2012ರ ಮಾರ್ಚಿನಲ್ಲಿ ಸೂರ್ಯನ ಮೇಲೆ ಎದ್ದ ಸ್ಫೋಟಗಳ ಆಘಾತ ನೌಕೆ ಇದ್ದಲ್ಲಿಗೆ ತಲುಪಲು ಸುಮಾರು ಹದಿಮೂರು ತಿಂಗಳು ಹಿಡಿದು, ಅಲ್ಲಿನ ಎಲೆಕ್ಟ್ರಾನುಗಳನ್ನು ಜೋರಾಗಿ ಕಂಪಿಸಿದ್ದರಿಂದ ಅದು ಪ್ರಬಲವಾಗಿಯೇ ಇದೆ. ಆಗದೆಂದು ಬಳಗದವರೆಲ್ಲ ಪಣತೊಟ್ಟದ್ದು 2017ರಿಂದ ಮುಂದಿನ ಕ್ಷೀಣವಾದ, ಎಡೆಬಿಡದ ಗುಂಜನದ ಬಗ್ಗೆ. ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೆಲ್ಲಾ ಓಕರ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಈ ಗೆರೆಯ ಅಗಲ ಸುಮಾರು 40 ಹರ್ಟ್ಸ್ ಮಾತ್ರ. ದತ್ತಾಂಶದ ಒಂದೇ ತುಣುಕಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ತಿಂಗಳುಗಟ್ಟಲೆ ತುಣುಕುಗಳನ್ನು ಕೂಡಿಸಬೇಕು, ಆದರೆ ಅಷ್ಟರಲ್ಲಿ ಗೆರೆಯೇ ನಿಧಾನವಾಗಿ ಸರಿದಿರುತ್ತದೆ; ಸರಿದಷ್ಟನ್ನು ಹಿಂದಕ್ಕೆ ತಳ್ಳಿಯೇ ಕೂಡಿಸಬೇಕು. ಎಷ್ಟು ಸರಿದಿದೆ ಎಂದು ಮೊದಲೇ ಊಹಿಸಲು ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ. 3.1 ಕಿಲೋಹರ್ಟ್ಸಿನ ಈ ಗೆರೆಯಿಂದ ನನಗೆ ಬಂದ ಸಾಂದ್ರತೆ 0.12ರ ಆಸುಪಾಸು, ಪ್ರಕಟಿತ ಮೌಲ್ಯದ ಪಕ್ಕದಲ್ಲೇ.

ಖರ್ಚಿನ ಮಾತು. ಲ್ಯಾಪ್‌ಟಾಪಿಗೆ ಹದಿನೆಂಟು ಸಾವಿರ, ಇನ್ವರ್ಟರಿನ ಹೊಸ ಬ್ಯಾಟರಿಗೆ ಹದಿಮೂರೋ ಹದಿನಾಲ್ಕೋ ಸಾವಿರ. ಎರಡನ್ನೂ ಕರಿಮೆಣಸು ಮಾರಿದ ಹಣದಲ್ಲಿ ಕೊಂಡೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದಿರುವಾಗ ರಾತ್ರಿಯಿಡೀ ಓಡಿದ ಲೆಕ್ಕ ನಡುವೆಯೇ ನಿಲ್ಲುತ್ತಿತ್ತು, ಸಿಡಿಲಿಗೆ ಒಂದು ರೌಟರ್ ಹೋಯಿತು. ಆ ಮೇಲೆ ಹಾಸನಕ್ಕೆ ಹೋದಾಗಲೆಲ್ಲ ಗೆಳೆಯರ ಮನೆಯಲ್ಲಿ ಹಾರ್ಡ್ ಡಿಸ್ಕಿಗೆ ದತ್ತಾಂಶ ಇಳಿಸಿಕೊಂಡು ಬರತೊಡಗಿದೆ.

ಈ ನಡುವೆ ಕಾಂತಕ್ಷೇತ್ರದ ಕಡೆಗೂ ಮನಸ್ಸು ಹೊರಳಿತು. ಕಾಂತಕ್ಷೇತ್ರ ಅಳೆಯುವ ಫ್ಲಕ್ಸ್‌ಗೇಟ್ ಸಂವೇದಕವೊಂದನ್ನು ತರಿಸಿ ಕಾಫಿ ಕಣದ ಆಚೆ ಹೂತಿಟ್ಟೆ. ನಮ್ಮಲ್ಲಿ ಭೂಮಿಯ ಕ್ಷೇತ್ರ ಸುಮಾರು 40 ಸಾವಿರ ನ್ಯಾನೋಟೆಸ್ಲಾ. ಹೀಲಿಯೋಪಾಸಿನ ಆಚೆ ವಾಯೇಜರ್-1 ಅಳೆದದ್ದು 0.4ಕ್ಕಿಂತ ತುಸು ಹೆಚ್ಚು, ಅಂದರೆ ಲಕ್ಷದಲ್ಲೊಂದು ಪಾಲು. ಪಂಪ್‌ಸೆಟ್ಟಿನ ಮೋಟಾರು ಶುರುವಾದರೆ, ಸೋಲಾರ್ ಬೇಲಿ ಮಿಡಿದರೆ ನನ್ನ ಸೂಚಿ ಕುಣಿಯುತ್ತಿತ್ತು. ನೌಕೆಯ ಕಾಂತಮಾಪಕವನ್ನು 13 ಮೀಟರ್ ಉದ್ದದ ತೋಳಿನ ಮೇಲೆ ಏಕೆ ಇಟ್ಟರೆಂಬುದು ಆಗ ಅನುಭವಕ್ಕೆ ಬಂತು. 2012ರ ಆಗಸ್ಟ್ 25ರಂದು ಅದರ ಕ್ಷೇತ್ರ ಒಮ್ಮೆಲೇ ಏರಿದರೂ ದಿಕ್ಕು ಹೆಚ್ಚುಕಡಿಮೆ ಬದಲಾಗಲಿಲ್ಲ. ಆದ್ದರಿಂದ ಎಲ್ಲೆ ದಾಟಿದೆಯೋ ಇಲ್ಲವೋ ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯಿತು. ಗಂಟೆಯ ಸರಾಸರಿಗಳನ್ನು ನಾನೇ ಚಿತ್ರಿಸಿ ನೋಡಿದಾಗ, ಆ ಅನುಮಾನ ಪೂರ್ತಿ ನ್ಯಾಯವಾದದ್ದೇ ಎನ್ನಿಸಿತು. ಕಾಂತಕ್ಷೇತ್ರ ಬಿಡಿಸಲಾಗದ ಗಂಟನ್ನು 2.6 ಕಿಲೋಹರ್ಟ್ಸ್ ಬಿಡಿಸಿತು, ಏಕೆಂದರೆ ಎಲ್ಲೆಯ ಒಳಗಿನ ಸಾಂದ್ರತೆ 0.002ರಷ್ಟು ಇದ್ದರೆ ಇದರಿಂದ ಬಂದ 0.08 ಅದರ ನಲವತ್ತು ಪಟ್ಟು.

ಜೊತೆಯ ನೌಕೆ ವಾಯೇಜರ್-2 ಎಲ್ಲೆ ದಾಟಿದ್ದು 2018ರ ನವೆಂಬರ್ 5ರಂದು. ಅದರ ಪ್ಲಾಸ್ಮಾ ಮಾಪಕ ಆಗಲೂ ಜೀವಂತವಾಗಿತ್ತು, ಆದರೆ ತರಂಗ ದತ್ತಾಂಶದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಹದಿನಾರು ಚಾನೆಲ್‌ಗಳು (ಒಂದೊಂದೂ ಒಂದು ಕಂಪನಾಂಕದ ಸುತ್ತಲಿನ ಪಟ್ಟಿಯನ್ನಷ್ಟೇ ಅಳೆಯುವಂಥವು) ಮಾತ್ರ. 2019ರ ಜನವರಿ 30ರ ಕಂಪನ 1.78 ಕಿಲೋಹರ್ಟ್ಸ್ ಚಾನೆಲ್‌ನಲ್ಲಿದೆ, ಅದರಿಂದ 0.039 ಬರುತ್ತದೆ, ಇನ್ನೂ ಸೂಕ್ಷ್ಮವಾಗಿ ಸೀಳಲು ನನ್ನ ವಿಧಾನ ಅಲ್ಲಿ ನಡೆಯುವುದಿಲ್ಲ. ಹೊಸದಾಗಿ ಕೈಹಾಕುವವರು 2013ರ ಏಪ್ರಿಲ್-ಮೇ ತುಣುಕುಗಳಿಂದಲೇ ಆರಂಭಿಸಿ, 2.4ರ ಗೆರೆಯನ್ನು ಸ್ವಚ್ಛವಾಗಿ ಕಳೆಯುವುದು ರೂಢಿಯಾದ ಮೇಲಷ್ಟೇ 2017ಕ್ಕೆ ಹೋಗಬೇಕು.