ಹೊಲ ಮೇದದ್ದು ಹೆಬ್ಬಾತೋ ಚಿಗರಿಯೋ? ಗುರುತಿಸುವುದು ಹೀಗೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತಿಗೂ ನಮ್ಮ ಎರೆಸೀಮೆಯ ಚಿಗರಿಗೂ (ಕೃಷ್ಣಮೃಗ) ಹುಲ್ಲೇ ಆಹಾರ. ಸಿಕ್ಕರೆ ಕಡಲೆ ಹೊಲವನ್ನೂ ಬಿಡುವುದಿಲ್ಲ. ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ಕೊಂಬು ಎಂದು ಪಟ್ಟಿ ಮಾಡುವುದು ಶಾಲೆಯ ಲೆಕ್ಕ. ಬೆಳಿಗ್ಗೆ ಹೊಲದಲ್ಲಿ ಅವು ಬಿಟ್ಟುಹೋದ ಗುರುತುಗಳನ್ನು ಹೋಲಿಸಿ ನೋಡಿ.

ಮೊದಲು ತಿಂಗಳು ನೋಡಿ. ಹೆಬ್ಬಾತು ಇಲ್ಲಿರುವುದು ಹೆಚ್ಚುಕಡಿಮೆ ನವೆಂಬರ್‌ನಿಂದ ಫೆಬ್ರುವರಿವರೆಗೆ. ಮಳೆಗಾಲದಲ್ಲಿ ಪೈರು ಹಾಳಾದರೆ ಅದರ ಮೇಲೆ ಗೂಬೆ ಕೂರಿಸಬೇಡಿ.

ಆಮೇಲೆ ಹಿಕ್ಕೆ. ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಇದೇ. ಹೆಬ್ಬಾತಿನದು ಉದ್ದುದ್ದ, ಹಸಿರು ಬಣ್ಣ, ತುದಿಗೆ ಬಿಳಿ. ಹಾರುವ ಹಕ್ಕಿ ಹೊಟ್ಟೆಯಲ್ಲಿ ಭಾರ ಇಟ್ಟುಕೊಳ್ಳುವುದಿಲ್ಲ. ನಾರು ಪೂರ್ತಿ ಅರಗುವ ಮೊದಲೇ ಹೊರಗೆ ಹಾಕಿ ಮತ್ತೆ ಮೇಯುತ್ತದೆ. ಹಾಗಾಗಿ ಮೇದಲ್ಲೆಲ್ಲ ಹಿಕ್ಕೆ ಚೆಲ್ಲಿರುತ್ತದೆ. ಚಿಗರಿಗೆ ನಾಲ್ಕು ಕೋಣೆಯ ಹೊಟ್ಟೆ. ಗಬಗಬನೆ ತಿಂದು, ಕೂತು ಮೆಲುಕು ಹಾಕಿ ಸತ್ವವನ್ನೆಲ್ಲ ಹೀರಿಕೊಳ್ಳುತ್ತದೆ. ಅದರ ಹಿಕ್ಕೆ ಕಪ್ಪಗೆ, ಒಣಗಿದ ಗುಂಡು, ಆಡಿನದೆಂದೇ ಅನಿಸಬಹುದು. ಆದರೆ ಗಂಡು ಚಿಗರಿ ತನ್ನ ಗಡಿ ಸಾರಲು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಹಾಕಿ ಗುಡ್ಡೆ ಮಾಡುತ್ತದೆ. ಆಡು ಹಾಗೆ ಮಾಡುವುದಿಲ್ಲ.

ಹೆಜ್ಜೆ ಸುಲಭ: ಮೂರು ಬೆರಳು, ನಡುವೆ ಜಾಲಪೊರೆಯಿದ್ದರೆ ಹೆಬ್ಬಾತು, ಚೂಪಾದ ಜೋಡಿ ಗೊರಸಾದರೆ ಚಿಗರಿ. ಪಕ್ಕದಲ್ಲಿ ನಾಣ್ಯವಿಟ್ಟು ಫೋಟೊ ತೆಗೆಯಿರಿ, ಅಳತೆ ಗೊತ್ತಾಗುತ್ತದೆ.

ಕಚ್ಚಿದ ಗುರುತನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಚಿಗರಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ಹೆಬ್ಬಾತಿಗೆ ಹಲ್ಲೇ ಇಲ್ಲ. ಎರಡೂ ಎಳೆದು ಹರಿಯುತ್ತವೆ. ಕುಡಿ ಕತ್ತರಿ ಆಡಿಸಿದಂತೆ ಓರೆಯಾಗಿ ತುಂಡಾಗಿದ್ದರೆ ಬಂದದ್ದು ಮೊಲ.

ಕೊನೆಗೆ ದುರ್ಬೀನು ಹಿಡಿದು ಅವನ್ನೇ ನೋಡಿ. ಹೆಬ್ಬಾತುಗಳಲ್ಲಿ ಗಂಡು-ಹೆಣ್ಣು ಒಂದೇ ಥರ. ಹಗಲೆಲ್ಲ ಕೆರೆಯಲ್ಲಿರುತ್ತವೆ, ಗೂಡು ಮಾತ್ರ ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ. ಹಿಮಾಲಯದ ಮೇಲೆ 7,000 ಮೀಟರ್‌ಗೂ ಎತ್ತರದಲ್ಲಿ ಹಾರಿದ ದಾಖಲೆಯಿದೆ. ತೆಳು ಗಾಳಿಯಲ್ಲೂ ಆಮ್ಲಜನಕ ಹಿಡಿಯುವ ರಕ್ತ ಅವಕ್ಕಿದೆ. ಚಿಗರಿ ನೆಲದ ಓಟಗಾರ, ಗಂಟೆಗೆ ಸುಮಾರು 80 ಕಿಲೊಮೀಟರ್. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಅದರ ಹೆಸರು ಸುಮ್ಮನೆ ಇಟ್ಟಿಲ್ಲ, ಸಿಗ್ನಲ್ಲಿನಲ್ಲಿ ನಿಲ್ಲುವುದು ಬೇರೆ ಮಾತು! ಸುರುಳಿ ಕೊಂಬು ಸಾಮಾನ್ಯವಾಗಿ ಗಂಡಿಗಷ್ಟೇ. ವಯಸ್ಸಾದಂತೆ ಅದರ ಮೈ ಕಪ್ಪಾಗುತ್ತದೆ, ಹೆಣ್ಣು ಕಂದಾಗಿಯೇ ಉಳಿಯುತ್ತದೆ.

ಬೈಕು ಹತ್ತಿರ ಒಯ್ಯಬೇಡಿ. ಹತ್ತಿರದಲ್ಲಿ ಚಿಗರಿ ಕಾಣದಿದ್ದರೆ 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಧಾಮಕ್ಕೆ ಹೋಗಿ. ಅಲ್ಲಿ ನೀಲಗಿರಿ ತೋಪಿಗಿಂತ ಬಯಲಿನ ಕಡೆ ಹೆಚ್ಚು ಹೊತ್ತು ಕಣ್ಣಿಡಿ. ದೂರದಿಂದಲೇ ಅಪಾಯ ಕಾಣುವ ಜಾಗವೇ ಚಿಗರಿಗೆ ಬೇಕು.